ಸಾತಳ್ಳಿಯ ದೊಡ್ಡಸ್ವಾಮಿಯವರು

ದೊಡ್ಡಸ್ವಾಮಿಗಳೆಂದರೆ ನಮ್ಮ ನಾಡಿನ ಮಠಗಳ ಭಕ್ತರಿಗೆ ಹಿರಿಯ ಗುರುಗಳ ನೆನಪಾಗುವುದು ಸಹಜ. ಆದರೆ ಇನ್ನೂರು ವರ್ಷಗಳ ಹಿಂದೆ ಹಾಸನದ ಸಮೀಪದ ಸಾತಳ್ಳಿ ಮತ್ತು ಅದರ ಸುತ್ತಲಿನ ಹಳ್ಳಿಗಳ ಜನರು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದುದು ಫ್ರಾನ್ಸ್ ದೇಶದಿಂದ ಬಂದಿದ್ದ ಒಬ್ಬ ಕ್ಯಾಥೊಲಿಕ್ ಪಾದ್ರಿಯನ್ನು. ಬಿಳಿಯ ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ಕೈಯಲ್ಲಿ ಊರುಗೋಲು ಹಿಡಿದು ಸಂಚರಿಸುತ್ತಿದ್ದ ಆ ಹಿರಿಯರ ಹೆಸರು ಜಾನ್ ಆಂಟ್ವಾನ್ ದುಬ್ವಾ. ಇತಿಹಾಸದ ಪುಸ್ತಕಗಳು ಅವರನ್ನು ಅಬ್ಬೆ ದುಬ್ವಾ ಎಂದು ಗುರುತಿಸುತ್ತವೆ. ಅಬ್ಬೆ ಎಂಬುದು ಫ್ರೆಂಚರು ಪಾದ್ರಿಗಳಿಗೆ ಸಲ್ಲಿಸುವ ಗೌರವಪದ. ಕನ್ನಡದಲ್ಲಿ ಅದೇ ಪದಕ್ಕೆ ತಾಯಿಯೆಂಬ ಅರ್ಥವಿರುವುದು ಒಂದು ಆಕಸ್ಮಿಕ, ಆದರೂ ಸೊಗಸಾದ ಆಕಸ್ಮಿಕ.

ಅವರು ಜನಿಸಿದ್ದು 1766ರಲ್ಲಿ, ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತದ ಸೇಂಟ್ ರಮೇಜ್ ಎಂಬ ಗ್ರಾಮದಲ್ಲಿ. ಪಾದ್ರಿಯ ದೀಕ್ಷೆ ಪಡೆದದ್ದು 1792ರಲ್ಲಿ. ಅದು ಫ್ರಾನ್ಸಿನ ಮಹಾಕ್ರಾಂತಿಯು ಧರ್ಮಗುರುಗಳ ಮೇಲೆ ತಿರುಗಿಬಿದ್ದಿದ್ದ ಕಾಲ. ದೀಕ್ಷೆಯಾದ ವರ್ಷವೇ ಪ್ಯಾರಿಸ್ಸಿನ ವಿದೇಶ ಧರ್ಮಪ್ರಚಾರ ಸಂಘದ ಪರವಾಗಿ ಅವರು ಹಡಗನ್ನೇರಿ ಭಾರತಕ್ಕೆ ಹೊರಟರು. ಆಗ ಅವರಿಗೆ ಇಪ್ಪತ್ತಾರು ವರ್ಷ. ಮತ್ತೆ ತಾಯ್ನಾಡಿನ ಮಣ್ಣು ತುಳಿದದ್ದು ಐವತ್ತೇಳರ ವಯಸ್ಸಿನಲ್ಲಿ. ನಡುವಣ ಮೂವತ್ತೊಂದು ವರ್ಷಗಳು ಈ ನೆಲಕ್ಕೆ ಸಂದವು.

ಬಂದವರು ಮೊದಲು ಪುದುಚೇರಿಯ ಧರ್ಮಪ್ರಾಂತಕ್ಕೆ ಸೇರಿ ದಕ್ಷಿಣದ ಜಿಲ್ಲೆಗಳಲ್ಲಿ ಕೆಲಸ ಮಾಡಿದರು. ಜನರ ನಡುವೆ ಬಾಳಬೇಕಾದವನು ಜನರಂತೆ ಬಾಳಬೇಕೆಂಬುದನ್ನು ಅವರು ಬೇಗನೆ ಕಂಡುಕೊಂಡರು. ಐರೋಪ್ಯ ಉಡುಪನ್ನು ಬಿಟ್ಟರು. ಇಲ್ಲಿಯ ಭಾಷೆಗಳನ್ನು ಕಲಿತರು. ಊಟ, ಉಪಚಾರ, ಕುಳಿತುಕೊಳ್ಳುವ ರೀತಿ, ಮಾತನಾಡಿಸುವ ಕ್ರಮ ಎಲ್ಲವನ್ನೂ ಸುತ್ತಲಿನವರಿಂದಲೇ ತಿಳಿದರು. ಜನರ ಆಚಾರಗಳಲ್ಲಿ ತಮಗೆ ಹಿಡಿಸದಿದ್ದವುಗಳ ಬಗೆಗೂ ಮುಖದಲ್ಲಿ ಅಸಹ್ಯ ತೋರದಂತೆ ನಡೆದುಕೊಂಡರು. ಎಲ್ಲ ಜಾತಿಯವರ ಮನೆಯಂಗಳಗಳೂ ಅವರಿಗೆ ತೆರೆದುಕೊಂಡದ್ದು ಇದರಿಂದ. ಇಂಥ ನಡವಳಿಕೆಯನ್ನು ಉಪಾಯವೆಂದು ಕರೆಯುವವರುಂಟು. ಮೂರು ದಶಕಗಳ ಕಾಲ ಸೋಲದೆ ನಡೆದ ಉಪಾಯವು ಉಪಾಯವಾಗಿಯಷ್ಟೇ ಉಳಿಯುವುದು ಕಷ್ಟವೆಂದು ನಮಗೆ ತೋರುತ್ತದೆ.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬ್ರಿಟಿಷರ ವಶವಾಯಿತು. ಟಿಪ್ಪು ಸುಲ್ತಾನರು ಯುದ್ಧದಲ್ಲಿ ಮಡಿದರು. ಅದಕ್ಕೆ ಹದಿನೈದು ವರ್ಷ ಮೊದಲು ಕರಾವಳಿಯಿಂದ ಸೆರೆಯಾಗಿ ಘಟ್ಟ ಹತ್ತಿ ಬಂದಿದ್ದ ಕ್ರೈಸ್ತ ಕುಟುಂಬಗಳಲ್ಲಿ ಅಳಿದುಳಿದವರು ಚದುರಿಹೋಗಿದ್ದರು. ಅವರನ್ನು ಮತ್ತೆ ಒಂದುಗೂಡಿಸುವ ಹೊಣೆ ದುಬ್ವಾ ಅವರ ಮೇಲೆ ಬಿತ್ತು. ಅವರು ಮೈಸೂರು ಸೀಮೆಗೆ ಬಂದು ನಿಂತದ್ದು ಹೀಗೆ. ಆದರೆ ಅವರ ಕಣ್ಣಿಗೆ ಬಿದ್ದ ಸಂಕಟ ಕ್ರೈಸ್ತರದು ಮಾತ್ರವಾಗಿರಲಿಲ್ಲ. ಮೂವತ್ತು ವರ್ಷಗಳಲ್ಲಿ ನಾಲ್ಕು ಯುದ್ಧಗಳು ಹಾದುಹೋದ ಸೀಮೆ ಅದು. ಮೈಸೂರಿನದಿರಲಿ, ಮರಾಠರದಿರಲಿ, ಕಂಪನಿಯದಿರಲಿ, ಸೈನ್ಯ ನಡೆದ ದಾರಿಯಲ್ಲಿ ಕಣಜದಲ್ಲಿ ಕಾಳು, ಕೊಟ್ಟಿಗೆಯಲ್ಲಿ ಎತ್ತು ಉಳಿಯುತ್ತಿರಲಿಲ್ಲ. ಬಿತ್ತನೆಗೆ ಬೀಜವಿಲ್ಲದೆ, ಉಳಲು ಜೋಡಿಯಿಲ್ಲದೆ ಬೀಳುಬಿದ್ದ ಹೊಲಗಳು ಎಲ್ಲೆಡೆಯೂ ಇದ್ದವು.

ಪ್ರಾರ್ಥನೆಗಿಂತ ಮೊದಲು ನೇಗಿಲು ಬೇಕೆಂಬ ತಿಳಿವಳಿಕೆಯಿಂದ ಅವರು ನೆಲೆಯಿಲ್ಲದವರಿಗಾಗಿ ಬೇಸಾಯದ ಹಳ್ಳಿಗಳನ್ನು ಕಟ್ಟಿಸಿದರು. ಅವುಗಳಲ್ಲಿ ಮುಖ್ಯವಾದದ್ದು ಹಾಸನದ ಬಳಿಯ ಸಾತಳ್ಳಿ. ಮಲೆನಾಡಿನ ಅಂಚಿನ ಆ ಪ್ರದೇಶವು ಹೇಮಾವತಿಯ ಸೀಮೆಗೆ ಸೇರಿದ್ದು. ಅದೇ ಹೊಳೆ ಮುಂದೆ ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು ಕಾವೇರಿಯನ್ನು ಕೂಡುತ್ತದೆ. ದಕ್ಷಿಣಕ್ಕೆ ಅರಕಲಗೂಡು, ಮೂಡಲಿಗೆ ಚನ್ನರಾಯಪಟ್ಟಣ. ಲಿಂಗವಂತರು, ಒಕ್ಕಲಿಗರು, ಜೈನರು, ಶ್ರೀವೈಷ್ಣವರು, ಮುಸಲ್ಮಾನರು, ಊರ ಹೊರಗಿನ ಕೇರಿಗಳ ಹೊಲೆಮಾದಿಗರು ಶತಮಾನಗಳಿಂದ ಒಂದೇ ಸಂತೆಯಲ್ಲಿ ಕೊಟ್ಟು ತೆಗೆದುಕೊಳ್ಳುತ್ತಿದ್ದ ನಾಡಿದು. ದುಬ್ವಾ ಅವರು ಅದರೊಳಗೆ ಇನ್ನೊಂದು ಒಕ್ಕಲನ್ನು ನೆಟ್ಟರು. ನೆಲ ಅದನ್ನು ಸ್ವೀಕರಿಸಿತು.

ಇಂಥ ಸ್ವೀಕಾರಕ್ಕೆ ಈ ಸೀಮೆಯಲ್ಲಿ ಹಳೆಯ ಮೇಲ್ಪಂಕ್ತಿಯೊಂದಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ವಿಜಯನಗರದ ಬುಕ್ಕರಾಯನ ಕಾಲದ, 1368ರ ಶಾಸನವಿದೆ. ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ದೊರೆಯ ಮುಂದೆ ದೂರಿತ್ತಾಗ ಆತ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನೆಂದು ಆ ಕಲ್ಲು ಹೇಳುತ್ತದೆ. ತೀರ್ಪು ಮಾತಿಗಷ್ಟೇ ನಿಲ್ಲಲಿಲ್ಲ. ಜೈನರು ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಕೊಡತಕ್ಕದ್ದು. ಆ ಹಣದಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ತಿರುಮಲೆಯ ತಾತಯ್ಯನವರು ನೇಮಿಸತಕ್ಕದ್ದು. ಮಿಕ್ಕದ್ದು ಜೀರ್ಣವಾದ ಜಿನಾಲಯಗಳಿಗೆ ಸಲ್ಲತಕ್ಕದ್ದು. ಜಿನನ ಗುಡಿಯ ಕಾವಲಿನ ಹೊಣೆ ವೈಷ್ಣವರದು! ನ್ಯಾಯವೆಂಬುದು ಕೈಗೆ ಕೆಲಸ ಕೊಟ್ಟಾಗ ಮಾತ್ರ ನಿಲ್ಲುತ್ತದೆಂಬುದನ್ನು ಆ ದೊರೆ ಬಲ್ಲವನಾಗಿದ್ದನು. ದುಬ್ವಾ ಅವರು ಜೈನರ ಬಗ್ಗೆಯೂ ವಿವರವಾಗಿ ಬರೆದಿದ್ದಾರೆ.

ಇನ್ನು ಅವರ ಬದುಕಿನ ಬಹುಮುಖ್ಯ ಕಾರ್ಯಕ್ಕೆ ಬರೋಣ. ಸಿಡುಬು ಎಂಬ ಮಾತು ಇಂದಿನ ಮಕ್ಕಳಿಗೆ ಪಾಠದ ಪುಸ್ತಕದಲ್ಲಿ ಮಾತ್ರ ಸಿಗುವಂಥದು. ಅಂದು ಅದು ಮನೆಮನೆಯ ಅತಿಥಿ. ರೋಗದ ಹೆಸರನ್ನು ಬಾಯಿಬಿಟ್ಟು ಹೇಳಲೂ ಅಂಜಿ ಜನರು ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆಯ ವಾಸನೆ ಹೊರಗೆ ಹೋಗದಂತೆ ಅಡಿಗೆ ಮಾಡಿ, ಮಾರಮ್ಮನಿಗೆ ತಂಪು ಒಪ್ಪಿಸಿ ಕಾಯುತ್ತಿದ್ದರು. ಬಂದ ಅಮ್ಮ ಹೋಗುವಾಗ ಎಷ್ಟೋ ಮನೆಗಳಲ್ಲಿ ಮಗುವನ್ನು ಒಯ್ಯುತ್ತಿದ್ದಳು, ಇಲ್ಲವೇ ಕಣ್ಣನ್ನು ಒಯ್ಯುತ್ತಿದ್ದಳು. ಉಳಿದವರ ಮುಖದ ಮೇಲೆ ಗುರುತು ಬಿಟ್ಟು ಹೋಗುತ್ತಿದ್ದಳು. ರೋಗಕ್ಕೆ ಜಾತಿಮತಗಳ ಹಂಗಿರಲಿಲ್ಲ. ಆದರೆ ಬಡವರ ಇಕ್ಕಟ್ಟಾದ ಗುಡಿಸಲುಗಳಲ್ಲಿ, ಹಸಿದ ಮೈಗಳಲ್ಲಿ ಅದರ ಆಟ ಹೆಚ್ಚಾಗಿತ್ತೆಂಬುದನ್ನು ಊಹಿಸಲು ಪಾಂಡಿತ್ಯ ಬೇಕಿಲ್ಲ.

ಹಸುವಿನ ಕೆಚ್ಚಲ ಮೇಲೆ ಏಳುವ ಸೌಮ್ಯವಾದ ಬೊಕ್ಕೆಯ ರಸವನ್ನು ಮನುಷ್ಯನ ತೋಳಿಗೆ ತಾಗಿಸಿದರೆ ಸಿಡುಬು ಬಾರದೆಂಬುದನ್ನು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ತೋರಿಸಿದ್ದರು. 1798ರಲ್ಲಿ ಅದನ್ನು ಪ್ರಕಟಿಸಿದ್ದರು. ಆದರೆ ಆ ರಸವನ್ನು ಶೀಶೆಯಲ್ಲಿ ತುಂಬಿ ತರುವುದು ಆಗಿನ ಕಾಲಕ್ಕೆ ಕಷ್ಟವಾಗಿತ್ತು. ನಮ್ಮ ಬಿಸಿಲಿಗೆ ಅದು ಸತ್ತುಹೋಗುತ್ತಿತ್ತು. ಬಾಗ್ದಾದು, ಬಸ್ರಾಗಳ ಮಾರ್ಗವಾಗಿ ಬಂದ ರಸವು 1802ರ ಜೂನ್ 14ರಂದು ಮುಂಬಯಿಯಲ್ಲಿ ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನ ತೋಳಿನ ಮೇಲೆ ಮೊದಲ ಬಾರಿಗೆ ಹಿಡಿಯಿತು. ಆ ಮಗುವಿನ ತೋಳಿನಿಂದ ಇತರ ಮಕ್ಕಳ ತೋಳಿಗೆ, ಅಲ್ಲಿಂದ ಮತ್ತೊಂದು ಊರಿಗೆ, ಹೀಗೆ ಜೀವಂತ ಸರಪಳಿಯಾಗಿ ಅದು ದೇಶದೊಳಗೆ ನಡೆದುಬಂದಿತು.

ಈ ಸರಪಳಿಯ ಕ್ರಮವನ್ನು ತುಸು ನಿಧಾನವಾಗಿ ನೋಡಬೇಕು. ದುಬ್ವಾ ಅವರ ಕೆಲಸದ ಕಷ್ಟವೆಲ್ಲ ಅಡಗಿರುವುದು ಅದರಲ್ಲೇ. ದಾಕು ಹಾಕಿಸಿಕೊಂಡವನ ತೋಳಿನಲ್ಲಿ ಸುಮಾರು ಎಂಟನೆಯ ದಿನ ಬೊಕ್ಕೆಯೊಂದು ತುಂಬಿ ನಿಲ್ಲುತ್ತದೆ. ಅಂದು ಆತ ಮರಳಿ ಬಂದು ತನ್ನ ತೋಳನ್ನು ಒಡ್ಡಬೇಕು. ಆ ಬೊಕ್ಕೆಯ ರಸವನ್ನು ಸೂಜಿಯ ಮೊನೆಯಲ್ಲಿ ತೆಗೆದು ಮುಂದಿನವನ ತೋಳಿಗೆ ಇಡಬೇಕು. ಆತ ಬಾರದಿದ್ದರೆ ಸರಪಳಿ ಕಡಿದಂತೆ, ಔಷಧವೇ ಸತ್ತಂತೆ, ಮತ್ತೆ ಮದರಾಸಿನಿಂದಲೋ ಮತ್ತೆಲ್ಲಿಂದಲೋ ಹೊಸದಾಗಿ ತರಬೇಕು. ಎಂದರೆ, ತನಗೆ ರಕ್ಷೆ ದೊರೆತ ಮೇಲೆ ಮನೆಯಲ್ಲಿ ಕುಳಿತುಬಿಡಬಹುದಾಗಿದ್ದ ರೈತನು ಕೆಲಸ ಬಿಟ್ಟು, ಮಗುವನ್ನು ಹೆಗಲ ಮೇಲೆ ಹೊತ್ತು, ಮತ್ತೊಬ್ಬರ ಮಗುವಿಗಾಗಿ ನಡೆದು ಬರಬೇಕಾಗಿತ್ತು. ಕೂಲಿಯಿಲ್ಲ, ಲಾಭವಿಲ್ಲ. ಮುಂದಿನವನು ಯಾರೆಂದು ಅವನಿಗೆ ಗೊತ್ತಿಲ್ಲ. ಸ್ವಯಂಸೇವೆ ಎಂಬ ಪದ ಆಗಿನ್ನೂ ಹಳ್ಳಿಗಳಲ್ಲಿ ಚಲಾವಣೆಗೆ ಬಂದಿರಲಿಕ್ಕಿಲ್ಲ. ಆದರೆ ಸಂಗತಿ ಅದೇ.

ಇಷ್ಟಕ್ಕೇ ಮುಗಿಯಲಿಲ್ಲ. ಒಬ್ಬನ ಮೈಯಿಂದ ತೆಗೆದ ರಸವು ಇನ್ನೊಬ್ಬನ ಮೈಯನ್ನು ಸೇರುತ್ತದೆ. ಒಬ್ಬರು ಮುಟ್ಟಿದ ನೀರನ್ನು ಇನ್ನೊಬ್ಬರು ಕುಡಿಯದ, ಒಬ್ಬರ ನೆರಳು ಇನ್ನೊಬ್ಬರ ಮೇಲೆ ಬೀಳಬಾರದ ಸಮಾಜದಲ್ಲಿ ಇದಕ್ಕಿಂತ ದೊಡ್ಡ ಮೈಲಿಗೆ ಯಾವುದು? ಮಡಿವಂತನ ಮಗುವಿನ ತೋಳಿಗೆ ಬರುವ ರಸವು ನಿನ್ನೆ ಹೊಲಗೇರಿಯ ಮಗುವಿನ ತೋಳಿನಲ್ಲಿದ್ದಿರಬಹುದು, ಮುಸಲ್ಮಾನನದಿರಬಹುದು, ಪರಂಗಿಯದಿರಬಹುದು. ಮೂಲಕ್ಕೆ ಹೋದರೆ ಅದು ಹಸುವಿನದು, ಮುಂಬಯಿಯ ಆ ಹೆಣ್ಣುಮಗುವಿನದು. ರಾಜಾಜ್ಞೆಯ ಬಲದಿಂದ ಇದನ್ನು ಮಾಡಿಸಲು ಹೊರಟಿದ್ದರೆ ಊರಿಗೆ ಊರೇ ಕಾಡು ಸೇರುತ್ತಿತ್ತು. ಹೇಳುವವನ ಮೇಲೆ ನಂಬಿಕೆ ಇದ್ದಲ್ಲಿ ಮಾತ್ರ ಜನ ತೋಳು ಒಡ್ಡುತ್ತಾರೆ. ಕಂಪನಿಯ ವೈದ್ಯರ ಬಳಿ ಔಷಧವಿತ್ತು, ನಂಬಿಕೆ ಇರಲಿಲ್ಲ. ರುಮಾಲಿನ ಪಾದ್ರಿಯ ಬಳಿ ಅದು ಇತ್ತು. ಹತ್ತು ವರ್ಷಗಳ ಸಹವಾಸದಿಂದ ಗಳಿಸಿದ ಆ ಬಂಡವಾಳವನ್ನು ಅವರು ಮತಾಂತರಕ್ಕೆ ಖರ್ಚು ಮಾಡದೆ ಮಕ್ಕಳ ಪ್ರಾಣಕ್ಕೆ ಖರ್ಚು ಮಾಡಿದರು.

1803–04ರ ಅವಧಿಯಲ್ಲಿ ಅವರ ಪ್ರಯತ್ನದಿಂದ ಮೈಸೂರು ಸೀಮೆಯಲ್ಲಿ ದಾಕು ಹಾಕಿಸಿಕೊಂಡವರ ಸಂಖ್ಯೆ 25 ಸಾವಿರವನ್ನು ಮೀರಿತು. ಮುಂಬಯಿಯ ಮಗುವಿಗೆ ಮೊದಲ ದಾಕು ಬಿದ್ದು ಆಗ ಎರಡು ವರ್ಷವೂ ತುಂಬುತ್ತಿರಲಿಲ್ಲ. ಬಂಡಿಯ ದಾರಿಗಳೂ ಸರಿಯಿಲ್ಲದ ಕಾಲದಲ್ಲಿ, ಎಂಟು ದಿನಕ್ಕೊಮ್ಮೆ ಕೂಡಿಸಬೇಕಾದ ಸರಪಳಿಯಿಂದ ಸಾಧಿಸಿದ ಸಂಖ್ಯೆ ಇದು. ಅವರ ಸುತ್ತಲಿದ್ದ ಕ್ರೈಸ್ತರು ಕೆಲವೇ ಹಳ್ಳಿಗಳವರಾದ್ದರಿಂದ, ಆ ತೋಳುಗಳಲ್ಲಿ ಬಹುಪಾಲು ಅನ್ಯಮತದವರವೇ ಆಗಿರಬೇಕು.

ಅರಮನೆಯೂ ಈ ಕಾರ್ಯದಿಂದ ಹೊರಗುಳಿಯಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು. ದಿವಾನ್ ಪೂರ್ಣಯ್ಯನವರ ಆಡಳಿತ. 1805ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ ರಚಿಸಿದನೆಂದು ಹೇಳಲಾಗುವ ಒಂದು ಚಿತ್ರದಲ್ಲಿ ಅರಮನೆಯ ಮೂವರು ಸ್ತ್ರೀಯರಿದ್ದಾರೆ. ಅವರಲ್ಲಿ ಒಬ್ಬರು ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರಿಸುವ ಭಂಗಿಯಲ್ಲಿದ್ದಾರೆ. ಆಕೆ ರಾಣಿ ದೇವಾಜಮ್ಮಣ್ಣಿಯವರೆಂದೂ, ತೋರಿಸುತ್ತಿರುವುದು ದಾಕಿನ ಗುರುತನ್ನೆಂದೂ ಇತಿಹಾಸಕಾರರು ವಿವರಿಸಿದ್ದಾರೆ. ಅಂತಃಪುರದ ಹೆಣ್ಣುಮಗಳು ಪರಪುರುಷನ ಮುಂದೆ ತೋಳು ತೋರಿಸಿ ಕುಳಿತುಕೊಳ್ಳುವುದು ಅಂದಿನ ಮರ್ಯಾದೆಗೆ ಸಲ್ಲುವ ಮಾತಾಗಿರಲಿಲ್ಲ. ಪ್ರಜೆಗಳ ಭಯ ಹೋಗಲೆಂದು ಆ ಮನೆತನ ಅದನ್ನು ಮಾಡಿತೆಂದಾದರೆ, ರಾಣಿಯ ಆ ತೋಳಿಗೂ ಹಳ್ಳಿಯ ಕೂಲಿಯವನ ತೋಳಿಗೂ ನಡುವೆ ಇದ್ದುದು ಅದೇ ಸರಪಳಿ. ಅದೇ ಹಿಕಿ ಬಿಡಿಸಿದ ದುಬ್ವಾ ಅವರ ಭಾವಚಿತ್ರವೂ ಉಳಿದಿದೆ. ಗಡ್ಡ, ರುಮಾಲು, ನಿಲುವಂಗಿ. ಪರಿಚಯವಿಲ್ಲದವರು ಯಾವುದೋ ಮಠದ ಹಿರಿಯರೆಂದೇ ತಿಳಿಯಬೇಕು.

ಹಗಲೆಲ್ಲ ಸಂಚಾರ, ಉಳಿದ ಹೊತ್ತಿನಲ್ಲಿ ಬರವಣಿಗೆ. ತಾವು ಕಂಡ, ಕೇಳಿದ, ಓದಿದ ಸಂಗತಿಗಳನ್ನು ಸೇರಿಸಿ ಹಿಂದೂ ಜನರ ಆಚಾರ ವಿಚಾರಗಳ ಬಗ್ಗೆ ಅವರು ದೊಡ್ಡ ಗ್ರಂಥವೊಂದನ್ನು ಫ್ರೆಂಚ್ ಭಾಷೆಯಲ್ಲಿ ಸಿದ್ಧಪಡಿಸಿದರು. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅದನ್ನು ಮೆಚ್ಚಿದರು. ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕರ ಶಿಫಾರಸಿನ ಮೇಲೆ ಕಂಪನಿಯು 1807ರಲ್ಲಿ ಹಸ್ತಪ್ರತಿಯನ್ನು 2,000 ವರಹಗಳಿಗೆ ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಅದರ ಇಂಗ್ಲಿಷ್ ಅನುವಾದ ಹೊರಬಂದಿತು. ಗ್ರಂಥದ ಬಹಳಷ್ಟು ಭಾಗವು ಅವರಿಗಿಂತ ಹಿಂದಿನ ಜೆಸ್ಯುಟ್ ಪಾದ್ರಿ ಕೂರ್ದೂ ಅವರ ಹಸ್ತಪ್ರತಿಯಿಂದ ಬಂದದ್ದೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟಿದ್ದಾರೆ. ಗೌರವವಿರುವವರ ಬಗ್ಗೆಯೂ ಇಂಥ ಸತ್ಯವನ್ನು ಮುಚ್ಚಿಡಬಾರದು.

ಆ ಗ್ರಂಥದಲ್ಲಿ ಲಿಂಗವಂತರನ್ನು ಕುರಿತ ಪುಟಗಳಿವೆ. ನಮ್ಮ ಓದುಗರಿಗೆ ಅವು ವಿಶೇಷವಾಗಿ ಆಸಕ್ತಿಕರ. ಮೈಸೂರು ಸೀಮೆಯಲ್ಲಿ ಈ ಜನ ಹೆಚ್ಚಾಗಿದ್ದಾರೆಂದೂ, ಮೈಮೇಲೆ ಲಿಂಗವನ್ನು ಧರಿಸುತ್ತಾರೆಂದೂ, ಮಾಂಸವನ್ನು ಮುಟ್ಟುವುದಿಲ್ಲವೆಂದೂ, ಪುನರ್ಜನ್ಮವನ್ನು ಒಪ್ಪುವುದಿಲ್ಲವೆಂದೂ, ಸತ್ತವರನ್ನು ಸುಡದೆ ಹೂಳುತ್ತಾರೆಂದೂ ಬರೆದಿದ್ದಾರೆ. ಹೆಣ್ಣುಮಕ್ಕಳ ಮುಟ್ಟಿನ ಸೂತಕವನ್ನು, ಸಾವಿನ ಸೂತಕವನ್ನು ಇವರು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂಬುದನ್ನು ಗಮನಿಸಿದ್ದಾರೆ. ಲಿಂಗವಂತರಿಗೆ ಹೊಳೆಯ ಹಂಗಿಲ್ಲವೆಂಬ ಅರ್ಥದ ನಾಣ್ಣುಡಿಯನ್ನೂ ದಾಖಲಿಸಿದ್ದಾರೆ. ಅವರ ದೃಷ್ಟಿಯಲ್ಲಿ ಅದು ಶುಚಿತ್ವದ ಕೊರತೆ. ನಮಗೆ ಅದು ಪಂಚಸೂತಕಗಳ ನಿರಾಕರಣೆ. ಜಂಗಮರ ಬಗ್ಗೆ ಕಟುವಾದ ಮಾತುಗಳೂ ಅಲ್ಲಿವೆ. ಆದರೆ ಇವೆಲ್ಲದರ ನಡುವೆ, ಶರಣರ ಧರ್ಮದ ತಿರುಳನ್ನೇ ಮುಟ್ಟಿದ ಒಂದು ಗಮನಿಕೆ ಇದೆ. ಅಸ್ಪೃಶ್ಯನೊಬ್ಬನು ಈ ಮಾರ್ಗವನ್ನು ಸೇರಿದರೆ ಆತ ಬ್ರಾಹ್ಮಣನಿಗಿಂತ ಯಾವ ರೀತಿಯಲ್ಲೂ ಕಡಿಮೆಯವನಲ್ಲವೆಂದು ಇವರು ನಂಬುತ್ತಾರೆ. ಲಿಂಗವಿರುವ ಗುಡಿಸಲು ಲಿಂಗವಿಲ್ಲದ ಅರಮನೆಗಿಂತ ಇವರಿಗೆ ಮೇಲು ಎಂದು ಆ ಕ್ರೈಸ್ತ ಗುರು ಗುರುತಿಸಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಹೊತ್ತಿದ ದೀಪವು ಆರುನೂರು ವರ್ಷಗಳ ನಂತರವೂ ಜನರ ನಂಬಿಕೆಯಲ್ಲಿ ಉರಿಯುತ್ತಿತ್ತೆಂಬುದಕ್ಕೆ ಹೊರಗಿನವರೊಬ್ಬರ ಈ ಸಾಕ್ಷ್ಯಕ್ಕೆ ಬೆಲೆಯಿದೆ. ಆ ನಂಬಿಕೆ ನಡೆಯಲ್ಲಿ ಎಷ್ಟರಮಟ್ಟಿಗೆ ಉಳಿದಿತ್ತೆಂದು ಕೇಳಿಕೊಳ್ಳಬೇಕಾದವರು ನಾವು.

ವಿಚಿತ್ರವೆಂದರೆ, ಇದನ್ನು ಕಂಡು ಬರೆದವರೇ ಜಾತಿವ್ಯವಸ್ಥೆಯನ್ನು ಹಿಂದೂ ಶಾಸನಕರ್ತರ ಅತ್ಯುತ್ತಮ ಸೃಷ್ಟಿಯೆಂದು ಅದೇ ಗ್ರಂಥದಲ್ಲಿ ಹೊಗಳಿದ್ದಾರೆ. ಸಮಾಜವು ಚೆಲ್ಲಾಪಿಲ್ಲಿಯಾಗದಂತೆ ಹಿಡಿದಿಟ್ಟಿರುವುದು ಅದೇ ಎಂಬುದು ಅವರ ವಾದ. ಕ್ರಾಂತಿಯ ರಕ್ತಪಾತದಿಂದ ಪಾರಾಗಿ ಬಂದವರಿಗೆ ಯಾವ ಕಟ್ಟು ಕಂಡರೂ ಅದು ರಕ್ಷೆಯಾಗಿಯೇ ಕಂಡಿರಬಹುದು. ಕಾರಣವನ್ನು ಅರ್ಥಮಾಡಿಕೊಳ್ಳಬಹುದು, ತೀರ್ಮಾನವನ್ನು ಒಪ್ಪಲಾಗದು. ಅವರ ಲೇಖನಿ ಕಟ್ಟನ್ನು ಹೊಗಳುತ್ತಿರುವಾಗ ಅವರ ಕೈಯಲ್ಲಿದ್ದ ಸೂಜಿ ಅದೇ ಕಟ್ಟನ್ನು ತೋಳಿನಿಂದ ತೋಳಿಗೆ ದಾಟುತ್ತಿತ್ತು. ಹೊಲಗೇರಿಗಳ ಜನರ ಬಾಳನ್ನು ವರ್ಣಿಸುವ ಅಧ್ಯಾಯದಲ್ಲಿ ಮಾತ್ರ ಅವರ ಮಾತು ಬೇರೆಯಾಗುತ್ತದೆ. ಅವರ ದಾಸ್ಯ, ಹಸಿವು, ಅವಮಾನಗಳನ್ನು ಬರೆಯುವಾಗ ಸಮರ್ಥನೆಯ ಧ್ವನಿ ಅಡಗಿ ಕನಿಕರದ ಧ್ವನಿ ಮೇಲೇಳುತ್ತದೆ.

ವಯಸ್ಸು ಐವತ್ತು ದಾಟುವ ವೇಳೆಗೆ ಅವರನ್ನು ನಿರಾಸೆ ಆವರಿಸಿತು. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿಯನ್ನು ಕುರಿತ ಅವರ ಪತ್ರಗಳು 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದಾಗ ಐರೋಪ್ಯ ಧರ್ಮಪ್ರಚಾರಕರಲ್ಲಿ ಕೋಲಾಹಲವೆದ್ದಿತು. ಇಲ್ಲಿಯ ಜನರನ್ನು ಮತಾಂತರಿಸುವುದು ಆಗದ ಮಾತೆಂದು ಅವರು ನೇರವಾಗಿ ಬರೆದಿದ್ದರು. ಇಷ್ಟು ವರ್ಷಗಳಲ್ಲಿ ತಾವೂ ಒಬ್ಬ ದೇಶೀಯ ಸಹಾಯಕರೂ ಸೇರಿ ಕ್ರೈಸ್ತಮತಕ್ಕೆ ತಂದವರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದೂ, ಅವರಲ್ಲಿ ಮನಃಪೂರ್ವಕ ನಂಬಿಕೆಯಿಂದ ಬಂದವರು ಒಬ್ಬರೂ ನೆನಪಿಗೆ ಬಾರರೆಂದೂ ನಾಚಿಕೆಯಿಂದ ಒಪ್ಪಿಕೊಂಡಿದ್ದರು. ತಮ್ಮ ಸೋಲನ್ನು ಇಷ್ಟು ಪ್ರಾಮಾಣಿಕವಾಗಿ ಜಗತ್ತಿನ ಮುಂದಿಟ್ಟ ಧರ್ಮಪ್ರಚಾರಕರು ವಿರಳ. ಅವರು ಎಣಿಸಿದ ಲೆಕ್ಕ ಮುನ್ನೂರು. ಸಿಡುಬಿನಿಂದ ಉಳಿದ ಸಾವಿರಾರು ಮಕ್ಕಳು ಅವರ ಸೋಲುಗೆಲವಿನ ಲೆಕ್ಕದಲ್ಲಿ ಸೇರಿರಲಿಲ್ಲ. ಸಾತಳ್ಳಿಯ ಜನ ಬೇರೆ ಲೆಕ್ಕ ಇಟ್ಟಿದ್ದರು.

1823ರ ಜನವರಿ 15ರಂದು ಅವರು ಭಾರತವನ್ನು ಬಿಟ್ಟರು. ಕಂಪನಿಯು ಅವರಿಗೆ ಪಿಂಚಣಿಯನ್ನು ಗೊತ್ತುಮಾಡಿತು. ಪ್ಯಾರಿಸ್ಸಿನಲ್ಲಿ ತಮ್ಮ ಸಂಘದ ಗುರುಕುಲದಲ್ಲಿ ನಿಂತು, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಪರಿಷ್ಕರಿಸಿದ ಗ್ರಂಥವನ್ನು 1825ರಲ್ಲಿ ಫ್ರೆಂಚಿನಲ್ಲಿಯೇ ಪ್ರಕಟಿಸಿದರು. ಮರುವರ್ಷ ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಓದುಗರ ಕೈಗಿತ್ತರು. ದಕ್ಷಿಣದ ಜಗಲಿಗಳ ಮೇಲೆ ಕೇಳಿದ ನರಿ, ಮೊಸಳೆ, ಕಾಗೆಗಳ ಕಥೆಗಳನ್ನು ಅವರು ಪ್ಯಾರಿಸ್ಸಿಗೆ ಒಯ್ದಿದ್ದರು. 1848ರ ಫೆಬ್ರವರಿ 17ರಂದು, ಫ್ರಾನ್ಸ್ ಮತ್ತೊಂದು ಕ್ರಾಂತಿಯ ಹೊಸ್ತಿಲಲ್ಲಿದ್ದಾಗ, ಎಂಬತ್ತೆರಡು ವರ್ಷದ ಆ ಹಿರಿಯರು ಅಲ್ಲಿಯೇ ಕಣ್ಣುಮುಚ್ಚಿದರು. ಅವರ ಗ್ರಂಥದ ಪರಿಷ್ಕೃತ ರೂಪವು ಹೆನ್ರಿ ಬೋಶಾಂಪರ ಇಂಗ್ಲಿಷ್ ಅನುವಾದದಲ್ಲಿ, ಮ್ಯಾಕ್ಸ್ ಮುಲ್ಲರರ ಮುನ್ನುಡಿಯೊಡನೆ 1897ರಲ್ಲಿ ಬಂದಿತು.

ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ತಲೆಯೆತ್ತುವ ಶೆಟ್ಟಿಹಳ್ಳಿಯ ಪಾಳು ಇಗರ್ಜಿಯನ್ನು ನೋಡಲು ಹೋದವರಲ್ಲಿ ಕೆಲವರು ಅದನ್ನು ದುಬ್ವಾ ಅವರೇ ಕಟ್ಟಿಸಿದರೆಂದು ಹೇಳುವುದುಂಟು. ಈಗ ಕಾಣುವ ಕಟ್ಟಡವನ್ನು ಸಾಮಾನ್ಯವಾಗಿ 1860ರ ದಶಕದ್ದೆಂದು ಗುರುತಿಸುತ್ತಾರೆ. ಆ ವೇಳೆಗೆ ಅವರು ತೀರಿಕೊಂಡು ಹತ್ತು ವರ್ಷಗಳ ಮೇಲಾಗಿತ್ತು. ಕಟ್ಟಿದವರು ಅವರ ನಂತರ ಬಂದ ಫ್ರೆಂಚ್ ಪಾದ್ರಿಗಳು. ಅವರ ಗುರುತನ್ನು ಅರಸುವವರು ಕಲ್ಲುಗೋಡೆಗಳ ಬಳಿಗೆ ಹೋಗಬೇಕಾಗಿಲ್ಲ. ದೇಶದ ಕೊನೆಯ ಸಿಡುಬಿನ ರೋಗಿ ಕಂಡುಬಂದದ್ದು 1975ರಲ್ಲಿ. 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ದಾಕು ಹಾಕುವುದು ಅಲ್ಲಿಗೆ ನಿಂತಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಜಾತ್ರೆಗಳಲ್ಲಿ, ಮಠದ ದಾಸೋಹದ ಪಂಕ್ತಿಯಲ್ಲಿ, ಉರುಸುಗಳಲ್ಲಿ, ಇಗರ್ಜಿಯ ಹಬ್ಬಗಳಲ್ಲಿ ಕುಳಿತ ಅಜ್ಜ ಅಜ್ಜಿಯರ ತೋಳಿನ ಮೇಲ್ಭಾಗದಲ್ಲಿ ಆ ದುಂಡನೆಯ ಕಲೆ ಇಂದಿಗೂ ಕಾಣುತ್ತದೆ.